ಹಗುರಾದ ಕಾರು

ನಮ್ಮ ಸಿಂಗಟಾಲೂರಿನ ಸೀಮೆಯಲ್ಲಿ ಎತ್ತಿನ ಖಾಲಿ ಗಾಡಿಯ ಓಟಕ್ಕೆ ಹಗುರವೇ ಹಿರಿಮೆ; ಸಂತೆಗೆ ಹೊರಟಾಗ ಮಾತ್ರ ಗಟ್ಟಿತನವನ್ನು ಕೇಳುತ್ತೇವೆ. ಬೆಂಗಳೂರಿನ ಸನ್‌ರೈಸ್ ಆಟೋಮೋಟಿವ್ ಸಂಸ್ಥೆ 1982ರಲ್ಲಿ ಹೊರತಂದ ಡಾಲ್ಫಿನ್ ಕಾರನ್ನು ಜನ ಅಳೆದದ್ದೂ ಹೀಗೆಯೇ ಎಂದು ನನ್ನ ಎಣಿಕೆ.

ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. ಉಕ್ಕಿನ ಚೌಕಟ್ಟು, ಗಾಜುನಾರಿನ ಮೈ, 848 ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್. ಅಂಬಾಸಿಡರುಗಳ ಆ ಕಾಲದಲ್ಲಿ, ಮದರಾಸಿನ ಬಳಿಯ ಶೋಲಾವರಂನ ಹಳೆಯ ವಿಮಾನಪಟ್ಟಿಯ ಪಂದ್ಯಗಳಿಗೆ ಹವ್ಯಾಸಿಗಳು ಇದನ್ನು ಸಜ್ಜುಗೊಳಿಸಿದರು. ಆರೈಕೆಯೇನೂ ಸುಲಭವಲ್ಲ: ನೀರು ತಗ್ಗಿ ಎಂಜಿನ್ ಕಾದರೆ ಅಲ್ಯುಮಿನಿಯಂ ಸೊಟ್ಟಗಾಗುವುದು. ಮೈಗೆ ತುಕ್ಕಿನ ಭಯವಿಲ್ಲ, ನಿಜ. ಆದರೆ ಬೋಲ್ಟು ಕೂತೆಡೆಯಲ್ಲಿ ಬಿರುಕೆದ್ದೀತು, ಓಟ ಮುಗಿದಾಗಲೆಲ್ಲ ಬೆರಳಾಡಿಸಿ ನೋಡಬೇಕು. ಓಟಗಾರನಿಗೆ ಅದೇ ಸುಖ. ಸಂಸಾರಸ್ಥನಿಗೆ ಅಷ್ಟು ತಾಳ್ಮೆಯೆಲ್ಲಿಯದು? 'ಪ್ಲಾಸ್ಟಿಕ್ ಕಾರು' ಎಂದು ಮೂಗು ಮುರಿದ. 1983ರ ಡಿಸೆಂಬರಿನಲ್ಲಿ ಉಕ್ಕಿನ ಮೈಯ ಮಾರುತಿ 800 ಬಂದಿತು. ಕೊಳ್ಳುವವರು ಅತ್ತ ತಿರುಗಿದರು.