ಹೆಸರಿಗೂ ಬೆಲೆಯುಂಟು

ಒಂದು ಕಂಪನಿಯನ್ನು ಕೊಳ್ಳುವವರು ನಿಜವಾಗಿ ಕೊಳ್ಳುವುದು ಏನನ್ನು? ಯಂತ್ರಗಳನ್ನೋ, ಕಟ್ಟಡವನ್ನೋ, ಹೆಸರನ್ನೋ? ತಂಪು ಪಾನೀಯಗಳ ಇತಿಹಾಸವನ್ನು ನೋಡೋಣ.

ಭಾರತದಲ್ಲಿನ ತನ್ನ ಷೇರು ಪಾಲನ್ನು ಇಳಿಸಬೇಕು, ಪಾನೀಯದ ಗುಟ್ಟನ್ನು ಹಂಚಿಕೊಳ್ಳಬೇಕು ಎಂಬ ಸರ್ಕಾರದ ಷರತ್ತಿಗೆ ಒಪ್ಪದೆ ಕೋಕಾ-ಕೋಲಾ 1977ರಲ್ಲಿ ದೇಶ ಬಿಟ್ಟಿತು. ತೆರವಾದ ಸ್ಥಾನಕ್ಕೆ ಹೊಸಬರು ಬಂದರು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ರೂಪಿಸಿದ ಸೂತ್ರದಿಂದ ಸರ್ಕಾರಿ ಸಂಸ್ಥೆಯೊಂದು ‘ಡಬಲ್ ಸೆವೆನ್’ ತಯಾರಿಸಿತು. ಪಾರ್ಲೆಯ ರಮೇಶ್ ಚೌಹಾನರು ‘ಥಮ್ಸ್ ಅಪ್’ ತಂದರು. ಮೊದಲನೆಯದು ನೆಲೆನಿಲ್ಲಲಿಲ್ಲ, ಎರಡನೆಯದು ಮನೆಮಾತಾಯಿತು.

1993ರಲ್ಲಿ ಮರಳಿ ಬಂದ ಕೋಕಾ-ಕೋಲಾ, ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಮೊದಲಾದ ಹೆಸರುಗಳನ್ನು ಪಾರ್ಲೆಯಿಂದ ಕೊಂಡಿತು. ಜೊತೆಗೆ ಬಾಟಲಿ ತುಂಬುವ ಘಟಕಗಳ ಜಾಲವೂ ದೊರೆಯಿತು. 2021ರಲ್ಲಿ ಥಮ್ಸ್ ಅಪ್ ಮಾರಾಟ ನೂರು ಕೋಟಿ ಡಾಲರ್ ಮುಟ್ಟಿತೆಂದು ಕಂಪನಿ ಪ್ರಕಟಿಸಿತು.

ಹಾಗಾದರೆ ಅಂದು ಮಾರಿದ್ದು ತಪ್ಪೇ? ಆತುರದ ತೀರ್ಪು ಬೇಡ. ಬೆಲೆ ಕಟ್ಟುವವರು ಮುಂದಿನ ಲಾಭವನ್ನಷ್ಟೇ ಅಲ್ಲ, ಎದುರಾಳಿಯ ಬಲವನ್ನೂ ಲೆಕ್ಕ ಹಾಕುತ್ತಾರೆ. ಪಾರ್ಲೆಯ ಎದುರು ಪೆಪ್ಸಿ, ಕೋಕ್ ಎಂಬ ಎರಡು ದೈತ್ಯರಿದ್ದರು. ಅಂದಿನ ನಿರ್ಧಾರವನ್ನು ಅಂದಿನ ತಕ್ಕಡಿಯಲ್ಲೇ ತೂಗಿರಿ; ಇತಿಹಾಸದ ವಿದ್ಯಾರ್ಥಿಗೆ ಅದೇ ನ್ಯಾಯ.