ರಿಸಲ್ಟ್ ಕೇಳುವ ಮೊದಲು ದಾಖಲಾತಿ ಓದಿ

ಸರ್ಕಾರಿ ಶಾಲೆಯ ಹೆಡ್‌ಮಾಸ್ತರರಿಗೆ ಊರವರೂ ಮೇಲಧಿಕಾರಿಗಳೂ ಕೇಳುವ ಪ್ರಶ್ನೆ ಒಂದೇ: ಈ ಸಲ ರಿಸಲ್ಟ್ ಎಷ್ಟು? ಧಾರವಾಡ ಜಿಲ್ಲೆಯ ಸಣ್ಣ ಊರೊಂದರ ಕನ್ನಡ ಸಾಲಿಯಲ್ಲಿ ಬಹಳ ವರ್ಷ ದುಡಿದ ನನಗೂ ಈ ಪ್ರಶ್ನೆ ತಪ್ಪಲಿಲ್ಲ. ಉತ್ತರ ಹೇಳುವ ಮೊದಲು ಕಪಾಟಿನಿಂದ ದಾಖಲಾತಿ ಪುಸ್ತಕ ತೆಗೆದು ಮೇಜಿನ ಮೇಲಿಡುತ್ತಿದ್ದೆ. ಮಕ್ಕಳು ಎಷ್ಟು ಕಲಿತರು ಎಂಬುದನ್ನು ಮಾರ್ಕಿನ ಪಟ್ಟಿ ಹೇಳುತ್ತದೆ. ಕಲಿಯಲು ಬಂದವರು ಯಾರ ಮಕ್ಕಳು, ಬಂದವರು ಯಾಕೆ ಬಿಟ್ಟರು ಎಂಬುದು ಈ ಪುಸ್ತಕದಲ್ಲಿ ಮಾತ್ರ ಸಿಗುತ್ತದೆ.

'ಯಾರ ಮಕ್ಕಳು' ಎಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹಳೆಯದು. 1856ರಲ್ಲಿ ಮಹಾರ ಜಾತಿಯ ಹುಡುಗನೊಬ್ಬ ಫೀ ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ಧಾರವಾಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದರಿಂದ ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಹುಡುಗನ ಕಡೆಗಿದೆ ಎಂದು ಸರ್ಕಾರ ಒಪ್ಪಿತು. ಆದರೆ ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಡುವಂತೆ ಮಾಡಲಾಗದು ಎಂದು ಕೈತೊಳೆದುಕೊಂಡಿತು. ಮರುವರ್ಷ ಕಲ್ಕತ್ತೆಯ ಭಾರತ ಸರ್ಕಾರ ಮುಂಬಯಿಯದು ಬಹುಶಃ ವಿವೇಕದ ನಡೆ ಎನ್ನುತ್ತಲೇ, ಬಂಗಾಳದ ಸರ್ಕಾರಿ ಶಾಲೆಯಲ್ಲಾದರೆ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲ ಎಂದಿತು. 1858ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದರು. 1882ರ ಹಂಟರ್ ಶಿಕ್ಷಣ ಆಯೋಗ ಅದೇ ಮಾತನ್ನು ಮತ್ತೆ ಹೇಳಬೇಕಾಯಿತು. ಕಾಗದದ ಮೇಲೆ ತೆರೆದ ಬಾಗಿಲು ಊರಲ್ಲಿ ತೆರೆದಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಅದೇ ಕಾಲದಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿ ಡೆಪ್ಯುಟಿ ಚನ್ನಬಸಪ್ಪನವರು ಇನ್ನೊಂದು ಬಾಗಿಲು ತೆರೆದರು. ಆಗ ಈ ಭಾಗದ ಶಾಲೆಗಳಲ್ಲಿ ಮರಾಠಿಯದೇ ದರ್ಬಾರು. ಅವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ಕಟ್ಟಿಸಿದರು. ಮನೆಯ ಮಾತಿನಲ್ಲೇ ಕಲಿಯುವ ಭಾಗ್ಯ ನಮ್ಮ ಮಕ್ಕಳಿಗೆ ಬಂದದ್ದು ಅವರ ಪುಣ್ಯದಿಂದ. ಆದರೂ ಊರ ಎಲ್ಲ ಓಣಿಯ ಮಕ್ಕಳು ಸಾಲಿ ಮೆಟ್ಟಿಲು ಹತ್ತಲು ನೂರು ವರ್ಷ ಹಿಡಿಯಿತು.

ನಮ್ಮ ಶಾಲೆಯ ಹಳೆಯ ಪುಸ್ತಕ ತಿರುವಿದರೆ ಇದು ಕಣ್ಣಿಗೆ ಕಾಣುತ್ತದೆ. ಮೊದಲ ಪುಟಗಳಲ್ಲಿ ತಂದೆಯ ಉದ್ಯೋಗದ ಕಾಲಮ್ಮಿನಲ್ಲಿ ಕುಲಕರ್ಣಿಕೆ, ಗೌಡಿಕೆ, ವ್ಯಾಪಾರ, ಮಠ. ಹೆಣ್ಣು ಹೆಸರು ಹುಡುಕಿದರೂ ಸಿಗದು. ಮುಂದಿನ ಪುಟಗಳಲ್ಲಿ ಒಕ್ಕಲುತನ, ನೇಯ್ಗೆ ಬರುತ್ತವೆ. 'ಕೂಲಿ' ಎಂಬ ಪದ ಸಾಲುಗಟ್ಟಿ ಕಾಣಿಸುವುದು 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯ ಆಚೆಗೆ. ನನ್ನ ಕಣ್ಣು ಹೆಚ್ಚು ನಿಲ್ಲುವುದು 'ಶಾಲೆ ಬಿಟ್ಟ ಕಾರಣ' ಎಂಬ ಕಾಲಮ್ಮಿನಲ್ಲಿ. ದನ ಕಾಯಲು, ಮನೆಗೆಲಸ, ಕೂಸು ಎತ್ತಿಕೊಳ್ಳಲು, ದುಡಿಯಲು ಪರಊರು, ಲಗ್ನ. ನಾಲ್ಕನೇ ಇಯತ್ತೆಯ ಹುಡುಗಿಯ ಹೆಸರಿನ ಮುಂದೆ, ದುಂಡಗಿನ ಅಕ್ಷರದಲ್ಲಿ, ಲಗ್ನ.

ಹುಟ್ಟಿದ ದಿನಾಂಕದ ಕಾಲಮ್ಮು ಬೇರೆಯೇ ಕಥೆ. ತಲೆಯ ಮೇಲಿಂದ ಕೈ ಹಾಕಿ ಆಚೆ ಕಿವಿ ಮುಟ್ಟಿದರೆ ಹುಡುಗನಿಗೆ ಸಾಲಿಗೆ ಸೇರುವ ವಯಸ್ಸಾಯಿತು ಎಂದರ್ಥ. "ಯಾವಾಗ ಹುಟ್ಯಾನವಾ?" ಎಂದರೆ, "ಕಾರಹುಣ್ಣಿವಿ ಆದ ಮ್ಯಾಲ ರೀ ಸರ, ಹಳ್ಳ ತುಂಬಿ ಬಂದ ವರ್ಷ" ಎನ್ನುತ್ತಿದ್ದಳು ತಾಯಿ. ಮಾಸ್ತರರು ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ರಾಜ್ಯದ ಸರ್ಕಾರಿ ಕಚೇರಿಗಳಲ್ಲಿ ಪ್ರತಿ ಮೇ 31ಕ್ಕೆ ನಿವೃತ್ತಿಯ ಸಾಲು ಉದ್ದವಾಗುವುದು ಇದರಿಂದಲೇ. ಆ ಜೂನ್ 1 ಮೊದಲ ತಲೆಮಾರು ಅಕ್ಷರ ಕಲಿತ ಗುರುತು.

"ನಮ್ಮ ಕಾಲದ ಮುಲ್ಕಿ ಈಗಿನ ಡಿಗ್ರಿಗೆ ಸಮ" ಎನ್ನುವ ಹಿರಿಯರು ಪ್ರತಿ ಊರಲ್ಲೂ ಇದ್ದಾರೆ. ಸುಳ್ಳಲ್ಲ. ಮುಲ್ಕಿ, ಅಂದರೆ ಆಗಿನ ಏಳನೇ ಇಯತ್ತೆಯ ಪರೀಕ್ಷೆ, ಪಾಸಾದವರು ಮಾಸ್ತರರಾದರು, ತಲಾಟಿಗಳಾದರು, ಅವರ ಅಕ್ಷರ ಮುತ್ತಿನಂಥದು. ಆದರೆ ಶಾಲೆಯ ಆರಂಭದ ತರಗತಿಯಾದ ಬಿನ್ ಇಯತ್ತೆಗೆ ಸೇರಿದವರಲ್ಲಿ ಮುಲ್ಕಿಗೆ ಕೂತವರು ಬೆರಳೆಣಿಕೆಯಷ್ಟು. ವರ್ಷ ವರ್ಷ ಜರಡಿ ಹಿಡಿದು ಉಳಿದ ಕಾಳಿಗೆ ರಿಸಲ್ಟ್ ಎಂದು ಹೆಸರಿಟ್ಟರೆ ಅದು ಚೊಕ್ಕವಾಗಿಯೇ ಇರುತ್ತದೆ.

ಜರಡಿ ಬಿಟ್ಟದ್ದು ಈಚೆಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಆಟದ ಜೊತೆ ಕಲಿಸುವ ನಲಿ-ಕಲಿ 2009ರ ಹೊತ್ತಿಗೆ ರಾಜ್ಯಕ್ಕೆಲ್ಲ ಬಂತು. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಶುರುವಾಗಿ ಮರುವರ್ಷ ನಮ್ಮಲ್ಲಿಗೂ ಬಂತು. ಮಧ್ಯಾಹ್ನ ಮನೆಗೆ ಹೋಗಿ ತಿರುಗಿ ಬಾರದ ಮಕ್ಕಳು ಅನ್ನ ಸಾರಿನ ವಾಸನೆಗೆ ಸಂಜೆತನಕ ಕೂತರು. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಮೊದಲಾದರೆ ಎರಡನೇ ಇಯತ್ತೆಗೇ ಪುಸ್ತಕದಿಂದ ಅಳಿಯುತ್ತಿದ್ದ ಹೆಸರುಗಳು ಏಳನೆಯ ತನಕ ಉಳಿದವು. ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಹಾಜರಿ ಇಳಿಯುವುದು ನಿಂತಿಲ್ಲ. ಅದೇ ಮಕ್ಕಳು ಮಾರ್ಚಿನಲ್ಲಿ ಪರೀಕ್ಷೆಗೆ ಕೂರುತ್ತಾರೆ.

ಎಲ್ಲರೂ ಒಳಗೆ ಬಂದ ಹೊತ್ತಿಗೇ ಉಳ್ಳವರು ಹೊರಗೆ ಹೋದರು. ಗೌಡರ, ವ್ಯಾಪಾರಿಗಳ, ನೌಕರರ ಮಕ್ಕಳನ್ನು ಮುಂಜಾನೆ ಹಳದಿ ಬಸ್ಸು ಪೇಟೆಯ ಇಂಗ್ಲಿಷ್ ಮೀಡಿಯಂಗೆ ಒಯ್ಯುತ್ತದೆ. ನಾವು ಮಾಸ್ತರರೂ ನಮ್ಮ ಮಕ್ಕಳನ್ನು ಅದೇ ಬಸ್ಸು ಹತ್ತಿಸಿದೆವು. ಮನೆಯಲ್ಲಿ ಪುಸ್ತಕ, ಟ್ಯೂಷನ್, ಓದಿದ ತಾಯಿ ಇರುವ ಮಕ್ಕಳು ಅಲ್ಲಿ. ತಾಯಿ ಹೆಬ್ಬೆಟ್ಟು ಒತ್ತುವ ಮನೆಯ ಮಕ್ಕಳು ಇಲ್ಲಿ. ಎರಡೂ ಕಡೆಯ ಸರಾಸರಿ ಅಂಕ ಹಿಡಿದು ಯಾವ ಶಾಲೆ ಒಳ್ಳೆಯದು ಎಂದು ತೀರ್ಪು ಕೊಡುವುದು ನ್ಯಾಯವಲ್ಲ. ಐದನೆಯ ತರಗತಿಯ ಹುಡುಗನಿಗೆ ಎರಡನೆಯ ತರಗತಿಯ ಪಾಠ ಓದಲು ಬರದಿದ್ದರೆ ಅದು ನಮ್ಮ ಸೋಲೇ, ಮುಚ್ಚಿಡುವ ಮಾತಿಲ್ಲ. ಆದರೆ ಅವನನ್ನು ಐದನೆಯ ತನಕ ಉಳಿಸಿಕೊಂಡದ್ದೂ ಲೆಕ್ಕಕ್ಕೆ ಬರಬೇಕು.

ಈಗ ಹೆಸರುಗಳು ವಿದ್ಯಾರ್ಥಿಗಳ ವಿವರ ಇಡುವ ಆನ್‌ಲೈನ್‌ನ ಸ್ಯಾಟ್ಸ್‌ಗೆ ಏರಿವೆ, ಹಳೆಯ ಪುಸ್ತಕಗಳಿಗೆ ಗೆದ್ದಲು ಹತ್ತುತ್ತಿದೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ನಿಮ್ಮೂರ ಶಾಲೆಯ ಮೊದಲ ದಾಖಲಾತಿ ಪುಸ್ತಕಕ್ಕೆ ರಟ್ಟು ಕಟ್ಟಿಸಿ, ಪುಟಗಳ ಫೋಟೊ ತೆಗೆಸಿ ಇಡಿ. ಊರಿನ ಚರಿತ್ರೆ ಇಷ್ಟು ನಿಖರವಾಗಿ ಬೇರೆಲ್ಲೂ ಬರೆದಿಲ್ಲ. ಅದನ್ನು ಓದಿದ ಮೇಲೆ ರಿಸಲ್ಟ್ ಎಷ್ಟು ಎಂದು ಧಾರಾಳವಾಗಿ ಕೇಳಿ.