ನೊಂದ ಹೆಣ್ಣುಮಕ್ಕಳಿಗೆ ಆಸರೆ: ಒಂದು ಐತಿಹಾಸಿಕ ಅವಲೋಕನ

ಇತಿಹಾಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅರಸರ ವಂಶಾವಳಿ, ಯುದ್ಧಗಳ ವಿವರ, ಕೋಟೆಕೊತ್ತಲಗಳ ವರ್ಣನೆ. ಆದರೆ ಶಾಸನಗಳಲ್ಲಿ ಕೆತ್ತಿಸದ, ಬಖೈರುಗಳಲ್ಲಿ ಬರೆದಿಡದ ಇನ್ನೊಂದು ಇತಿಹಾಸವೂ ಪ್ರತಿಯೊಂದು ಊರಿನಲ್ಲಿದೆ. ಗಂಡನ ಹೊಡೆತವನ್ನು ತಾಳಲಾರದೆ ನಡುರಾತ್ರಿಯಲ್ಲಿ ಮಗುವನ್ನೆತ್ತಿಕೊಂಡು ಹೊರಬಿದ್ದವಳು ಎಲ್ಲಿಗೆ ಹೋದಳು? ಬಲಾತ್ಕಾರಕ್ಕೊಳಗಾದ ಬಾಲೆ ಯಾರ ಬಾಗಿಲನ್ನು ತಟ್ಟಿದಳು? ತಟ್ಟಿದ ಬಾಗಿಲು ತೆರೆಯಿತೆ? ಈ ಪ್ರಶ್ನೆಗಳಿಗೆ ನಮ್ಮ ದೇಶ ಕಳೆದ ನೂರಾರವತ್ತು ವರ್ಷಗಳಲ್ಲಿ ಕೊಟ್ಟ ಉತ್ತರಗಳನ್ನು ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ.

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ನಮ್ಮಲ್ಲಿ ಮನೆಮಾತಾಗಿದೆ. ಸಂಸಾರದಲ್ಲಿ ಸಹಜವಾದ ಸಣ್ಣಪುಟ್ಟ ಮನಸ್ತಾಪಗಳಿಗೆ ಈ ಮಾತು ಒಪ್ಪುತ್ತದೆ. ಆದರೆ ಜಗಳ ಬೇರೆ, ಹಿಂಸೆ ಬೇರೆ. ಜಗಳದಲ್ಲಿ ಇಬ್ಬರಿಗೂ ಬಾಯಿಯಿರುತ್ತದೆ. ಹಿಂಸೆಯಲ್ಲಿ ಒಬ್ಬರಿಗೆ ಕೈ, ಇನ್ನೊಬ್ಬರಿಗೆ ಭಯ. ಇವೆರಡನ್ನೂ ಒಂದೇ ಗಾದೆಯ ಕೆಳಗೆ ಮುಚ್ಚಿಟ್ಟುದರಿಂದಲೇ ಎಷ್ಟೋ ಹೆಣ್ಣುಮಕ್ಕಳ ಅಳಲು ಹೊಸಿಲು ದಾಟಿ ಹೊರಗೆ ಕೇಳಿಸದಾಯಿತು.

ಈ ಮುಚ್ಚಳವನ್ನು ತೆರೆದವರಲ್ಲಿ ಮೊದಲಿಗರಾಗಿ ಜೋತಿರಾವ್ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿಗಳನ್ನು ನೆನೆಯಬೇಕು. ಅಂದಿನ ಪುಣೆಯಲ್ಲಿ ಎಳೆಯ ವಯಸ್ಸಿನ ವಿಧವೆಯರು ಎಷ್ಟೋ ಸಲ ಮನೆಯ ಗಂಡಸರ ದೌರ್ಜನ್ಯಕ್ಕೇ ತುತ್ತಾಗಿ ಬಸಿರಾಗುತ್ತಿದ್ದರು. ಅಪರಾಧಿಯನ್ನು ಯಾರೂ ಕೇಳುತ್ತಿರಲಿಲ್ಲ. ಹೆಣ್ಣಿಗೆ ಉಳಿದಿದ್ದುದು ಆತ್ಮಹತ್ಯೆ, ಇಲ್ಲವೇ ಹುಟ್ಟಿದ ಶಿಶುವಿನ ಹತ್ಯೆ. ೧೮೬೩ರಲ್ಲಿ ಈ ದಂಪತಿಗಳು ತಮ್ಮ ಸ್ವಂತ ಮನೆಯಲ್ಲಿಯೇ ಅಂಥವರಿಗಾಗಿ ಒಂದು ಪ್ರಸೂತಿಗೃಹವನ್ನು ತೆರೆದು, ಗುಟ್ಟಾಗಿ ಬಂದು ನಿರ್ಭಯವಾಗಿ ಹೆರಿಗೆ ಮಾಡಿಕೊಂಡು ಹೋಗಬಹುದೆಂದು ಸಾರಿದರು. ಹೀಗೆ ಬಂದ ಒಬ್ಬ ಬ್ರಾಹ್ಮಣ ವಿಧವೆಯ ಮಗುವನ್ನು ಅವರು ದತ್ತು ಪಡೆದು ಯಶವಂತನೆಂದು ಹೆಸರಿಟ್ಟು ಸಾಕಿದರು. ಆತ ಮುಂದೆ ವೈದ್ಯನಾದ. ಬಂದವಳನ್ನು ‘ತಪ್ಪು ಯಾರದು?’ ಎಂದು ವಿಚಾರಣೆಗೊಳಪಡಿಸದೆ ಮೊದಲು ನೆರಳು ಕೊಟ್ಟುದು ಆ ಮನೆಯ ಹಿರಿಮೆ.

ನ್ಯಾಯಾಲಯದ ಬಾಗಿಲಾದರೋ ಅಂದು ಬೇರೆ ದಿಕ್ಕಿಗೆ ತೆರೆಯುತ್ತಿದ್ದಿತು. ಮುಂಬಯಿಯ ರಖಮಾಬಾಯಿ ಹನ್ನೊಂದನೆಯ ವಯಸ್ಸಿನಲ್ಲಿ ತನ್ನ ಸಮ್ಮತಿಯಿಲ್ಲದೆ ನಡೆದ ಮದುವೆಯನ್ನು ಒಪ್ಪದೆ, ಗಂಡನ ಮನೆಗೆ ಹೋಗಲು ನಿರಾಕರಿಸಿದಳು. ಗಂಡ ೧೮೮೪ರಲ್ಲಿ ದಾವೆ ಹೂಡಿದ. ೧೮೮೫ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅವರು ಆಕೆಯ ಪರವಾಗಿ ತೀರ್ಪಿತ್ತರೂ ೧೮೮೭ರಲ್ಲಿ ಬಂದ ಆಜ್ಞೆ, ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳು ಸೆರೆಮನೆಗೆ ಹೋಗಬೇಕು ಎಂಬುದಾಗಿದ್ದಿತು. ಸೆರೆಮನೆಯೇ ಲೇಸೆಂದಳು ರಖಮಾಬಾಯಿ. ಕೊನೆಗೆ ೧೮೮೮ರಲ್ಲಿ ಹಣ ತೆತ್ತು ರಾಜಿಯಾಯಿತು. ಆಕೆ ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತುಬಂದು ಸೂರತ್ ಮತ್ತು ರಾಜಕೋಟೆಗಳಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದಳು.

ಇದೇ ಕಾಲದಲ್ಲಿ ಆಶ್ರಯದ ಕಾರ್ಯವನ್ನು ಒಂದು ಸಂಸ್ಥೆಯ ರೂಪಕ್ಕೆ ತಂದವರು ಪಂಡಿತಾ ರಮಾಬಾಯಿ. ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ, ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ೧೮೫೮ರಲ್ಲಿ ಹುಟ್ಟಿದ ಈಕೆ ನಮ್ಮ ನಾಡಿನ ಮಣ್ಣಿನವರೇ. ೧೮೮೯ರಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದು, ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಅವರ ಮತಾಂತರದ ಕಾರಣದಿಂದ ಸದನದ ಸುತ್ತ ದೊಡ್ಡ ವಿವಾದವೆದ್ದು ೧೮೯೩ರಲ್ಲಿ ಸಲಹಾ ಮಂಡಳಿಯ ಗಣ್ಯರು ದೂರ ಸರಿದರು. ಆದರೂ ಮುಂದಿನ ಕ್ಷಾಮದ ಕಾಲದಲ್ಲಿ ಅವರು ನೂರಾರು ನಿರಾಶ್ರಿತ ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವಿನ ‘ಮುಕ್ತಿ’ಯಲ್ಲಿ ನೆಲೆಗೊಳಿಸಿದರು. ಶಾರದಾ ಸದನದಲ್ಲಿ ಓದಿದ ವಿಧವೆ ಗೋದೂಬಾಯಿಯನ್ನು ೧೮೯೩ರಲ್ಲಿ ವಿವಾಹವಾದ ಧೋಂಡೊ ಕೇಶವ ಕರ್ವೆಯವರು ೧೮೯೬ರಲ್ಲಿ ಪುಣೆಯಲ್ಲಿ ವಿಧವೆಯರ ಆಶ್ರಮವನ್ನು ಸ್ಥಾಪಿಸಿದರು. ಅನ್ನ ಮತ್ತು ವಸತಿಯಷ್ಟರಿಂದಲೇ ನೊಂದವಳ ಬಾಳು ನೆಟ್ಟಗಾಗದು, ವಿದ್ಯೆ ಮತ್ತು ದುಡಿಮೆ ಕೈಗೆ ಬಂದಾಗಲೇ ಅವಳು ಮರಳಿ ಹಿಂಸೆಯ ಮನೆಗೆ ಹೋಗಬೇಕಾದ ಗತಿ ತಪ್ಪುತ್ತದೆ ಎಂಬುದನ್ನು ಈ ಸಂಸ್ಥೆಗಳು ಕಂಡುಕೊಂಡವು.

ಸ್ವಾತಂತ್ರ್ಯ ಬಂದಿತು, ಸಂವಿಧಾನ ಸಮಾನತೆಯನ್ನು ಘೋಷಿಸಿತು. ೧೯೬೯ರಲ್ಲಿ ಕೇಂದ್ರ ಸರ್ಕಾರವು ಕಷ್ಟಕ್ಕೊಳಗಾದ ಸ್ತ್ರೀಯರಿಗಾಗಿ ಅಲ್ಪಾವಧಿ ವಸತಿಗೃಹಗಳ ಯೋಜನೆಯನ್ನು ಕೈಗೊಂಡಿತು. ಆದರೂ ರಕ್ಷಣೆಯ ಸ್ಥಾನವೇ ಭಕ್ಷಕವಾದರೆ ಗತಿಯೇನು ಎಂಬ ಪ್ರಶ್ನೆ ೧೯೭೨ರ ಮಾರ್ಚ್ ೨೬ರ ರಾತ್ರಿ ಎದುರಾಯಿತು. ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ, ಬಂಧುಗಳು ಹೊರಗೆ ಕಾದಿರುವಾಗಲೇ, ಒಬ್ಬ ಅನಾಥ ಆದಿವಾಸಿ ಬಾಲಕಿಯನ್ನು ಒಳಗೆ ನಿಲ್ಲಿಸಿಕೊಂಡು ದೌರ್ಜನ್ಯವೆಸಗಿದ ಆರೋಪ ಇಬ್ಬರು ಪೊಲೀಸರ ಮೇಲೆ ಬಂದಿತು. ಆಕೆಯ ಹೆಸರು ಇಲ್ಲಿ ಬೇಡ. ಕೆಳಗಿನ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. ಉಚ್ಚ ನ್ಯಾಯಾಲಯ, ಭಯದಿಂದ ಸುಮ್ಮನಿರುವುದು ಸಮ್ಮತಿಯಲ್ಲವೆಂದು ಶಿಕ್ಷೆ ವಿಧಿಸಿತು. ೧೯೭೮ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ, ಆಕೆಯ ಮೈಮೇಲೆ ಗಾಯದ ಗುರುತುಗಳಿಲ್ಲವೆಂಬ ಸಂಗತಿಗೆ ಮಹತ್ವವಿತ್ತು ಮತ್ತೆ ಬಿಡುಗಡೆ ಮಾಡಿತು.

ಇಲ್ಲಿಗೆ ಈ ಕಥೆ ಮುಗಿದುಹೋಗಬಹುದಾಗಿತ್ತು. ಆದರೆ ೧೯೭೯ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮವಾರ್ ಮತ್ತು ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರವೊಂದನ್ನು ಬರೆದರು. ಆ ಪತ್ರ ಊರಿಂದೂರಿಗೆ ಹರಡಿತು. ೧೯೮೦ರಲ್ಲಿ ಹಲವು ನಗರಗಳ ಮಹಿಳೆಯರು ಬೀದಿಗಿಳಿದರು. ಅದರ ಫಲವಾಗಿ ೧೯೮೩ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸರೇ ಮೊದಲಾದ ಅಧಿಕಾರಸ್ಥರ ವಶದಲ್ಲಿದ್ದಾಗ ನಡೆಯುವ ಅತ್ಯಾಚಾರಕ್ಕೆ ಕಠಿಣ ಶಿಕ್ಷೆ, ಮುಚ್ಚಿದ ಕೊಠಡಿಯಲ್ಲಿ ವಿಚಾರಣೆ, ನೊಂದವಳ ಹೆಸರನ್ನು ಪ್ರಕಟಿಸುವುದಕ್ಕೆ ನಿಷೇಧ ಜಾರಿಗೆ ಬಂದವು. ಅದೇ ವರ್ಷದ ಇನ್ನೊಂದು ತಿದ್ದುಪಡಿಯಿಂದ ಗಂಡ ಮತ್ತು ಅವನ ಬಂಧುಗಳ ಕ್ರೌರ್ಯವೂ ದಂಡಸಂಹಿತೆಯಲ್ಲಿ ೪೯೮ಎ ಕಲಮಿನ ಅಪರಾಧವಾಯಿತು. ಇಂದು ಅದು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೮೫ ಮತ್ತು ೮೬ನೆಯ ಕಲಮುಗಳಲ್ಲಿದೆ.

ಕಾನೂನು ಅಪರಾಧಿಯನ್ನು ಶಿಕ್ಷಿಸಬಲ್ಲದು. ಆದರೆ ಆ ರಾತ್ರಿ ಎಲ್ಲಿ ಮಲಗಬೇಕೆಂಬ ಪ್ರಶ್ನೆಗೆ ಕಾನೂನಿನ ಪುಸ್ತಕ ಉತ್ತರ ಕೊಡದು. ಈ ಕೊರತೆಯನ್ನು ತುಂಬಲು ಮುಂದಾದವರು ಸೇವಾಸಂಸ್ಥೆಗಳು. ಬೆಂಗಳೂರಿನ ‘ವಿಮೋಚನಾ’ ೧೯೭೯ರಿಂದ ನೊಂದ ಮಹಿಳೆಯರ ಜೊತೆ ನಿಂತು ಬಂದಿದೆ. ‘ಸ್ಟೌ ಸಿಡಿದು ಸಾವು’ ಎಂದು ಬರೆದು ಮುಗಿಸಿಬಿಡುತ್ತಿದ್ದ ಎಷ್ಟೋ ಎಳೆಯ ಸೊಸೆಯರ ಸಾವಿನ ಹಿಂದಿನ ಸತ್ಯವನ್ನು ಕೇಳಿದ್ದು ಈ ಸಂಸ್ಥೆ. ಮುಂಬಯಿಯಲ್ಲಿ ೧೯೮೪ರಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆಯು ಪೊಲೀಸ್ ಕಮಿಷನರ ಕಚೇರಿಯಲ್ಲಿಯೇ ಸಮಾಜಕಾರ್ಯಕರ್ತರನ್ನು ಕೂರಿಸಿ ವಿಶೇಷ ಘಟಕವೊಂದನ್ನು ಆರಂಭಿಸಿತು. ಕರ್ನಾಟಕ ಸರ್ಕಾರವು ೨೦೦೦-೦೧ರಲ್ಲಿ ‘ಸಾಂತ್ವನ’ ಯೋಜನೆಯನ್ನು ತಂದು, ಸ್ವಯಂಸೇವಾ ಸಂಸ್ಥೆಗಳ ಮೂಲಕ ಸಮಾಲೋಚನೆ, ಕಾನೂನು ನೆರವು ಮತ್ತು ತಾತ್ಕಾಲಿಕ ಆಶ್ರಯಕ್ಕೆ ಏರ್ಪಾಡು ಮಾಡಿತು.

ಇವೆಲ್ಲವುಗಳ ಅನುಭವವನ್ನು ಒಂದೆಡೆ ಸೇರಿಸಿದ್ದು ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ. ಅದು ೨೦೦೬ರ ಅಕ್ಟೋಬರ್ ೨೬ರಂದು ಜಾರಿಗೆ ಬಂದಿತು. ಹೊಡೆತವೊಂದೇ ಹಿಂಸೆಯಲ್ಲ, ನಿಂದೆ, ಲೈಂಗಿಕ ಪೀಡನೆ, ಹಣಕಾಸನ್ನು ಕಸಿದುಕೊಳ್ಳುವುದು ಇವೂ ಹಿಂಸೆಯೆಂದು ಅದು ಹೇಳುತ್ತದೆ. ಹೆಂಡತಿಗಷ್ಟೇ ಅಲ್ಲದೆ ತಾಯಿ, ಸೋದರಿ, ವಿಧವೆ ಇವರಿಗೂ ಅದರ ರಕ್ಷಣೆಯುಂಟು. ಎಲ್ಲಕ್ಕಿಂತ ಮಿಗಿಲಾಗಿ, ಮನೆ ಯಾರ ಹೆಸರಿನಲ್ಲಿಯೇ ಇರಲಿ, ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗಿದೆ. ರಖಮಾಬಾಯಿಯ ಕಾಲದಲ್ಲಿ ಒಲ್ಲದ ಮನೆಗೆ ತಳ್ಳುತ್ತಿದ್ದ ನ್ಯಾಯಾಲಯ ಈಗ, ಬೇಕೆಂದವಳನ್ನು ಮನೆಯಿಂದ ತಳ್ಳಬಾರದೆಂದು ಆಜ್ಞಾಪಿಸಬಲ್ಲದು. ಹಿಂಸಕನನ್ನೇ ಹೊರಗೆ ಕಳುಹಿಸಬಲ್ಲದು. ಆದರೂ ವಿವಾಹದೊಳಗಿನ ಬಲಾತ್ಕಾರವು, ಹೆಂಡತಿ ೧೮ ವರ್ಷ ತುಂಬಿದವಳಾದರೆ, ಅತ್ಯಾಚಾರವೆಂದು ದಂಡಸಂಹಿತೆಯಲ್ಲಿ ಪರಿಗಣಿತವಾಗಿಲ್ಲವೆಂಬುದನ್ನು ಇಲ್ಲಿ ಹೇಳದಿರಲಾಗದು.

೨೦೧೨ರ ಡಿಸೆಂಬರ್ ೧೬ರ ದೆಹಲಿಯ ಘೋರ ಘಟನೆಯ ಬಳಿಕ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯ ವರದಿಯೂ ೨೦೧೩ರ ತಿದ್ದುಪಡಿಯೂ ಬಂದವು. ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೆ ಸರ್ಕಾರಿ ಆಸ್ಪತ್ರೆಯೇ ಆಗಲಿ, ಖಾಸಗಿ ಆಸ್ಪತ್ರೆಯೇ ಆಗಲಿ, ಕೂಡಲೇ ಉಚಿತ ಚಿಕಿತ್ಸೆ ನೀಡತಕ್ಕದ್ದು, ನಿರಾಕರಿಸುವುದು ಶಿಕ್ಷಾರ್ಹ. ೨೦೧೫ರಲ್ಲಿ ‘ಸಖಿ’ ಒನ್ ಸ್ಟಾಪ್ ಕೇಂದ್ರಗಳು ಆರಂಭವಾಗಿ ಚಿಕಿತ್ಸೆ, ಪೊಲೀಸ್ ನೆರವು, ಸಮಾಲೋಚನೆ, ಕಾನೂನು ಸಲಹೆ, ಕೆಲವು ದಿನಗಳ ವಸತಿ ಇವು ಒಂದೇ ಸೂರಿನಡಿ ದೊರೆಯುವಂತಾದವು. ಅತ್ಯಾಚಾರಕ್ಕೊಳಗಾದವರ ಮೇಲೆ ನಡೆಸುತ್ತಿದ್ದ ಅವಮಾನಕರವಾದ ‘ಎರಡು ಬೆರಳಿನ ಪರೀಕ್ಷೆ’ಯನ್ನು ನಡೆಸುವವರು ದುರ್ನಡತೆಯ ದೋಷಕ್ಕೆ ಗುರಿಯಾಗುವರೆಂದು ಸರ್ವೋಚ್ಚ ನ್ಯಾಯಾಲಯ ೨೦೨೨ರ ಅಕ್ಟೋಬರಿನಲ್ಲಿ ಸಾರಿತು.

ಇಷ್ಟೆಲ್ಲ ಬಾಗಿಲುಗಳು ತೆರೆದಿದ್ದರೂ ಒಳಗೆ ಬರುವವರೆಷ್ಟು ಮಂದಿ? ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೮ರಿಂದ ೪೯ ವರ್ಷದ ವಿವಾಹಿತೆಯರಲ್ಲಿ ಶೇಕಡಾ ೪೪ರಷ್ಟು ಮಂದಿ ಗಂಡನ ಹಿಂಸೆಯನ್ನು ಅನುಭವಿಸಿದವರು. ಇಡೀ ದೇಶದಲ್ಲಿ ಹಿಂಸೆಗೊಳಗಾದ ಸ್ತ್ರೀಯರ ಪೈಕಿ ನೆರವು ಕೋರಿದವರು ಶೇಕಡಾ ೧೪ರಷ್ಟು ಮಾತ್ರ. ಅವರಲ್ಲಿಯೂ ಹೆಚ್ಚಿನವರು ಹೋದದ್ದು ಠಾಣೆಗಲ್ಲ, ತವರಿನವರ ಬಳಿಗೆ. ಎಂದಮೇಲೆ ಓದುಗ ಬಂಧುಗಳೇ, ಮೊದಲ ಬಾಗಿಲು ಸರ್ಕಾರದ್ದಲ್ಲ, ನಮ್ಮದು. ತಂದೆಯಾಗಿ, ಅಣ್ಣನಾಗಿ, ಅತ್ತೆಯಾಗಿ, ಊರ ಹಿರಿಯರಾಗಿ ನಾವೇ ಆ ಬಾಗಿಲಲ್ಲಿ ಕುಳಿತಿದ್ದೇವೆ. ‘ಹೊಂದಿಕೊಂಡು ಹೋಗಮ್ಮ, ಮನೆತನದ ಮರ್ಯಾದೆ’ ಎಂದು ಹೇಳಿ, ಕುಂಕುಮವಿಟ್ಟು, ಅದೇ ಮನೆಗೆ ಮರಳಿ ಕಳುಹಿಸಿದ ಪಂಚಾಯಿತಿಗಳೆಷ್ಟು! ಅತ್ಯಾಚಾರಕ್ಕೆ ರಾಜಿಯೇ ಇಲ್ಲವೆಂಬುದನ್ನೂ, ಹೊಡೆತಕ್ಕೆ ಒಳಗಾದವಳ ಇಚ್ಛೆಯನ್ನು ಕೇಳದೆ ಮಾಡಿಸಿದ ರಾಜಿ ನ್ಯಾಯವಲ್ಲವೆಂಬುದನ್ನೂ ಹಿರಿಯರಾದವರು ಅರಿಯಬೇಕು.

ಹಾಗಾದರೆ ಮಾಡತಕ್ಕದ್ದೇನು? ಬಂದವಳ ಮಾತನ್ನು ಮೊದಲು ನಂಬಿ ಕೇಳಬೇಕು. ‘ನೀನೇನು ಮಾಡಿದೆ?’ ಎಂದು ಕೇಳದೆ, ‘ನಿನಗೀಗ ಏನಾಗಬೇಕು?’ ಎಂದು ಕೇಳಬೇಕು. ಆಕೆಯ ಒಪ್ಪಿಗೆಯಿಲ್ಲದೆ ಸುದ್ದಿಯನ್ನು ಹರಡಬಾರದು. ಬಲಾತ್ಕಾರವಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಜೊತೆಯಾಗಿ ಹೋಗಬೇಕು. ಸೋಂಕು ತಡೆಯುವ ಕೆಲವು ಔಷಧಗಳನ್ನು ೭೨ ಗಂಟೆಗಳೊಳಗೆ ಆರಂಭಿಸಬೇಕಾಗುತ್ತದೆ. ಸಾಕ್ಷ್ಯಕ್ಕಾಗಿ ಧರಿಸಿದ್ದ ಬಟ್ಟೆಗಳನ್ನು ಒಗೆಯದೆ ಇಡುವುದು ಲೇಸು. ಪೊಲೀಸರಲ್ಲಿ ದೂರು ಕೊಟ್ಟಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿಲ್ಲತಕ್ಕದ್ದಲ್ಲ. ದೂರು ಕೊಡುವುದಾದರೆ ಘಟನೆ ನಡೆದ ಎಲ್ಲೆಯ ಠಾಣೆಯೇ ಆಗಬೇಕೆಂದಿಲ್ಲ. ಯಾವ ಠಾಣೆಯಲ್ಲಾದರೂ ದಾಖಲಿಸಿಕೊಳ್ಳಲೇಬೇಕು. ಮಹಿಳಾ ಸಹಾಯವಾಣಿ ೧೮೧, ತುರ್ತು ಕರೆ ೧೧೨, ಮಕ್ಕಳಿಗಾಗಿ ೧೦೯೮ ಇವುಗಳನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆದಿಡುವುದು ಒಳಿತು. ವರಮಾನ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ. ಕೌಟುಂಬಿಕ ಹಿಂಸೆಯ ವಿಷಯವನ್ನು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ದಾವೆಯೂ ನಿಲ್ಲದೆಂದು ೨೦೦೫ರ ಅಧಿನಿಯಮವೇ ಅಭಯವಿತ್ತಿದೆ. ‘ಪರರ ಮನೆಯ ಮಾತು ನಮಗೇಕೆ?’ ಎಂಬ ಅಂಜಿಕೆಗೆ ಇನ್ನು ಕಾರಣವಿಲ್ಲ.

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಬೆಳೆದವರು. ಅಲ್ಲಿ ಹಸಿದು ಬಂದ ಬಾಲಕನಿಗೆ ಮೊದಲು ಎಲೆ ಹಾಕಿ, ಆಮೇಲೆ ಊರು ಹೆಸರು ಕೇಳಿದ ರೀತಿಯನ್ನು ಅವರು ಬಲ್ಲರು. ನೊಂದು ಬಂದ ಹೆಣ್ಣುಮಗಳಿಗೂ ಸಲ್ಲತಕ್ಕದ್ದು ಅದೇ ರೀತಿ. ನೂರಾರವತ್ತು ವರ್ಷಗಳ ಹಿಂದೆ ಪುಣೆಯ ಒಂದು ಮನೆಯಲ್ಲಿ ಸಾಧ್ಯವಾದುದು ಇಂದು ನಮ್ಮ ಮನೆಗಳಲ್ಲಿ ಅಸಾಧ್ಯವೇನೂ ಅಲ್ಲ.